ಭಗ್ನ ಕೋಟೆ, ಬತ್ತಿದ ಹೊಳೆ: ಪ್ರವಾಸ ಕಲಿಸಿದ ಪಾಠಗಳು

(ರಾಯಚೂರಿನ ಕುಟುಂಬ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಪವಿತ್ರ ಕುರ್‌ಆನ್ ಹಲವು ಅಧ್ಯಾಯಗಳಲ್ಲಿ ಮತ್ತೆ ಮತ್ತೆ ಒಂದು ಕರೆಯನ್ನು ನೀಡುತ್ತದೆ. ಭೂಮಿಯಲ್ಲಿ ಸಂಚರಿಸಿರಿ, ನಿಮಗಿಂತ ಮೊದಲು ಬಾಳಿದವರ ಅಂತ್ಯ ಏನಾಯಿತೆಂಬುದನ್ನು ಕಣ್ಣು ತೆರೆದು ನೋಡಿರಿ ಎಂಬುದು ಆ ಕರೆಯ ಸಾರಾಂಶ. ಇದು ಮನೋರಂಜನೆಗಾಗಿ ನೀಡಿದ ಕರೆಯಲ್ಲ. ಗತಿಸಿದವರ ಅವಶೇಷಗಳ ಮುಂದೆ ನಿಂತು ತನ್ನನ್ನು ತಾನು ಪರಾಮರ್ಶಿಸಿಕೊಳ್ಳಬೇಕೆಂಬ ತಾಕೀತು ಅದರಲ್ಲಿದೆ. ನಮ್ಮ ಹಿರಿಯರು ಇದಕ್ಕೆ 'ಇಬ್ರತ್' ಎಂಬ ಪದವನ್ನು ಬಳಸುತ್ತಿದ್ದರು. ದಾಟುವುದು ಎಂಬ ಅರ್ಥದ ಅರಬಿ ಧಾತುವಿನಿಂದ ಹುಟ್ಟಿದ ಪದವದು. ಕಾಣುವ ಕಲ್ಲಿನಿಂದ ಕಾಣದ ಪಾಠಕ್ಕೆ ದಾಟುವುದೇ ಇಬ್ರತ್. ಹದಿನಾಲ್ಕನೇ ಶತಮಾನದ ಮಹಾನ್ ಚಿಂತಕ ಇಬ್ನ್ ಖಲ್ದೂನ್ ತನ್ನ ವಿಶ್ವ ಇತಿಹಾಸದ ಗ್ರಂಥಕ್ಕೆ ಹೆಸರಿಡುವಾಗಲೂ ಇದೇ ಮೂಲದ ಪದವನ್ನು ಆರಿಸಿಕೊಂಡನು. 1377ರಲ್ಲಿ ಅದರ ಪೀಠಿಕೆಯನ್ನು ಬರೆದ ಆತ, ರಾಜವಂಶಗಳು ಹೇಗೆ ಕಷ್ಟಸಹಿಷ್ಣುತೆಯಿಂದ ಮೇಲೇರುತ್ತವೆ, ಭೋಗದಿಂದ ಹೇಗೆ ಸಡಿಲಗೊಳ್ಳುತ್ತವೆ, ಕೆಲವೇ ತಲೆಮಾರುಗಳಲ್ಲಿ ಹೇಗೆ ಕುಸಿಯುತ್ತವೆ ಎಂಬುದನ್ನು ವಿವರಿಸಿದ್ದಾನೆ. ಆತನಿಗೆ ಇತಿಹಾಸವೆಂದರೆ ಜಂಬ ಕೊಚ್ಚಿಕೊಳ್ಳುವ ಸಾಧನವಾಗಿರಲಿಲ್ಲ.

ಇಂದು ನಮ್ಮ ಪಟ್ಟಣಗಳ ಅನೇಕ ಕುಟುಂಬಗಳು ಉಮ್ರಾ ಯಾತ್ರೆ ಕೈಗೊಳ್ಳುತ್ತಿವೆ. ಕೆಲವರು ಮದೀನಾದಿಂದ ಉತ್ತರಕ್ಕೆ ಸಾಗಿ ಅಲ್‌ಉಲಾದ ಮರಳುಗಾಡಿನಲ್ಲಿರುವ ಅಲ್‌ಹಿಜ್ರ್ ಎಂಬ ಪ್ರಾಚೀನ ನೆಲೆಯನ್ನೂ ನೋಡಿ ಬರುತ್ತಾರೆ. ಅಲ್ಲಿ ನಿಂತು ತೆಗೆದ ಭಾವಚಿತ್ರಗಳು ಬಂಧುಗಳ ಮೊಬೈಲುಗಳಲ್ಲಿ ಹರಿದಾಡುತ್ತವೆ. ಅದು ಒಳ್ಳೆಯದೇ. ಆದರೆ ಅದೇ ಕುಟುಂಬದ ಮಕ್ಕಳನ್ನು, ನಿಮ್ಮ ಊರಿನ ಕೋಟೆಯನ್ನು ಕಟ್ಟಿದವರು ಯಾರು, ಒಳಗೋಡೆಯ ಮೇಲೆ ಏನು ಬರೆದಿದೆ ಎಂದು ಕೇಳಿದರೆ ಉತ್ತರವಿರುವುದಿಲ್ಲ. ಈ ಕೊರತೆಯನ್ನು ಮನಗಂಡು ನಾವು ಕೆಲವು ಕುಟುಂಬಗಳು ಹೆಂಗಸರು ಮಕ್ಕಳ ಸಮೇತ ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ ಭಾಗಗಳಲ್ಲಿ ಮೂರು ದಿನ ಸಂಚರಿಸಿದೆವು. ಆ ಸಂಚಾರ ನಮಗೆ ಕಲಿಸಿದ್ದನ್ನು ತಮ್ಮ ಮುಂದೆ ಇಡುವುದೇ ಈ ಮಾತುಗಳ ಉದ್ದೇಶ.

ನಮ್ಮದು ಮರಳುಗಾಡಲ್ಲ, ಆದರೂ...

ಭೂಗೋಳದ ಲೆಕ್ಕದಲ್ಲಿ ರಾಯಚೂರು ಮರುಭೂಮಿಯಲ್ಲ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ; ಎರಡು ಮಹಾನದಿಗಳ ನಡುವಿನ ದೋಆಬ್ ಇದು. ಆದರೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲ್ಲಿಮೀಟರಿನ ಆಸುಪಾಸು. ಫೆಬ್ರವರಿ ಕಳೆಯುವಷ್ಟರಲ್ಲಿ ಎರೆಹೊಲಗಳು ಬಿರುಕು ಬಿಡುತ್ತವೆ, ಗುಡ್ಡಗಳು ಬೋಳಾಗಿ ನಿಲ್ಲುತ್ತವೆ, ಹೊಳೆಗಳು ಮರಳಿನ ಹಾಸಾಗುತ್ತವೆ. ಈ ಗುಡ್ಡಗಳ ಕಲ್ಲು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಈ ಕಲ್ಲಿನ ಆಯುಷ್ಯದ ಮುಂದೆ ಸಾಮ್ರಾಜ್ಯಗಳ ಆಯುಷ್ಯವೆಷ್ಟು? ಮನುಷ್ಯನ ಆಯುಷ್ಯವೆಷ್ಟು? ಬಿಸಿಲಿನಲ್ಲಿ ಬಂಡೆಯೊಂದರ ನೆರಳಿಗೆ ಕುಳಿತಾಗ ಮೊದಲು ಕರಗುವುದು ನಮ್ಮ ಅಹಂಕಾರ. ಬಯಲುಸೀಮೆಯ ಮೊದಲ ಪಾಠವೇ ಇದು.

ಕಲ್ಲಿನ ಮೇಲೆ ಕೆತ್ತಿದ ಬಂಡಿ

ರಾಯಚೂರು ಕೋಟೆಗೆ ಎರಡು ಸುತ್ತಿನ ಗೋಡೆಗಳಿವೆ. ಹೊರಗೋಡೆ ಸುಲ್ತಾನರ ಕಾಲದ್ದು. ಒಳಗೋಡೆ ಅದಕ್ಕಿಂತ ಹಳೆಯದು. ಬೃಹತ್ ಕಲ್ಲುಗಳನ್ನು ಗಾರೆಯಿಲ್ಲದೆ ಒಂದಕ್ಕೊಂದು ಹೊಂದಿಸಿ ಅದನ್ನು ಕಟ್ಟಲಾಗಿದೆ. ಆ ಗೋಡೆಯ ಪಶ್ಚಿಮ ಭಾಗದಲ್ಲಿ 41 ಅಡಿಗೂ ಹೆಚ್ಚು ಉದ್ದದ ಒಂದೇ ಕಲ್ಲು ಇದೆ. ಅದರ ಮೇಲಿನ ತೆಲುಗು ಶಾಸನ 1294ನೇ ಇಸವಿಯದು. ಕಾಕತೀಯರ ಸೇನಾನಿ ವಿಠ್ಠಲನಾಥನು ಆದವಾನಿ, ಮಾನ್ವಿ ಮೊದಲಾದ ಕೋಟೆಗಳನ್ನು ಗೆದ್ದು ರಾಯಚೂರನ್ನು ಪ್ರವೇಶಿಸಿ, ಇಲ್ಲಿಯ ನಿವಾಸಿಗಳ ರಕ್ಷಣೆಗೆಂದು ಈ ಕಲ್ಲಿನ ಕೋಟೆಯನ್ನು ಕಟ್ಟಿಸಿದನೆಂದು ಅದು ತಿಳಿಸುತ್ತದೆ. ಗೋರೆ ಗಂಗಯ್ಯ ರೆಡ್ಡಿಯ ಹೆಸರೂ ಈ ನಿರ್ಮಾಣದೊಂದಿಗೆ ಬೆಸೆದುಕೊಂಡಿದೆ.

ಆದರೆ ನಮ್ಮ ಮಕ್ಕಳ ಕಣ್ಣು ನೆಟ್ಟದ್ದು ಬರಹದ ಮೇಲಲ್ಲ, ಅಲ್ಲಿಯೇ ಇರುವ ಚಿತ್ರದ ಮೇಲೆ. ಆ ಮಹಾಶಿಲೆಯನ್ನು ಬಂಡಿಯ ಮೇಲೆ ಹೇರಿ, ಸಾಲು ಸಾಲು ಜಾನುವಾರುಗಳನ್ನು ಹೂಡಿ, ಆಳುಗಳು ಎಳೆಸಿ ತರುವ ದೃಶ್ಯವನ್ನು ಅಲ್ಲಿ ಕೊರೆಯಲಾಗಿದೆ. ಶಾಸನದಲ್ಲಿ ಸೇನಾನಿಯ ಹೆಸರಿದೆ. ಬಂಡಿ ಹೊಡೆದವರ, ಮೀಟುಗೋಲು ಹಿಡಿದವರ ಹೆಸರುಗಳಿಲ್ಲ. ಆದರೂ ಅವರ ಶ್ರಮದ ನೆನಪು ಗೆರೆಗಳ ರೂಪದಲ್ಲಿ ಏಳು ಶತಮಾನಗಳಿಂದ ಉಳಿದಿದೆ. ಲೋಕದ ಸ್ಮಾರಕಗಳಲ್ಲಿ ಇಂತಹ ಭಾಗ್ಯ ಎಷ್ಟು ಮಂದಿ ಕೂಲಿಗಳಿಗೆ ದೊರೆತಿದೆ?

ಈ ಪ್ರಶ್ನೆ ಮರುದಿನ ದೇವದುರ್ಗದ ಕಡೆ ಹೊರಟಾಗಲೂ ನಮ್ಮನ್ನು ಬಿಡಲಿಲ್ಲ. ದೇವದುರ್ಗ ತಾಲೂಕಿನಿಂದ ಸುಗ್ಗಿ ಮುಗಿಯುತ್ತಲೇ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರು, ಪುಣೆ, ಮುಂಬೈಗಳಿಗೆ ದುಡಿಯಲು ಗುಳೆ ಹೋಗುತ್ತವೆ. ಆ ಮಹಾನಗರಗಳ ಬಹುಮಹಡಿ ಕಟ್ಟಡಗಳು, ಮೆಟ್ರೋ ಕಂಬಗಳು, ಮೇಲ್ಸೇತುವೆಗಳು ಇಂಥವರ ಬೆವರಿನಿಂದಲೇ ಎದ್ದಿವೆ. ಅಲ್ಲಿ ಉದ್ಘಾಟಕರ ಹೆಸರಿನ ಫಲಕವಿರುತ್ತದೆ. ಬಂಡಿಯ ಚಿತ್ರವೂ ಇರುವುದಿಲ್ಲ. ತಾಯ್ತಂದೆಯರೊಡನೆ ಹೊರಟ ಮಕ್ಕಳ ಶಾಲೆ ನಿಂತುಹೋಗುತ್ತದೆ. ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ಪ್ರವಾದಿವಚನವನ್ನು ನಾವು ವೇದಿಕೆಗಳಲ್ಲಿ ಹೇಳುತ್ತೇವೆ. ಆದರೆ ನಮ್ಮ ಮನೆ ಕಟ್ಟುವ ಮೇಸ್ತ್ರಿಗೆ, ನಮ್ಮ ಅಂಗಡಿಯ ಹಮಾಲನಿಗೆ, ಅಡುಗೆಮನೆಯಲ್ಲಿ ನೆರವಾಗುವ ಹೆಣ್ಣುಮಗಳಿಗೆ ಸಲ್ಲಬೇಕಾದುದು ಸಕಾಲದಲ್ಲಿ ಸಲ್ಲುತ್ತಿದೆಯೇ? ಕೋಟೆಯ ಗೋಡೆ ಕೇಳುವ ಮೊದಲ ಪ್ರಶ್ನೆ ಇದು. ಇದಕ್ಕೆ ಉತ್ತರ ಕೊಡಬೇಕಾದವರು ಕಾಕತೀಯರಲ್ಲ, ನಾವು.

ಇದು ಯಾರ ಕೋಟೆ?

ಇನ್ನೊಂದು ಪ್ರಶ್ನೆಯನ್ನು ಇಂದಿನ ರಾಜಕೀಯ ನಮ್ಮ ಮೇಲೆ ಹೇರುತ್ತಿದೆ. ಕೋಟೆ ಯಾರದು? ಗೆದ್ದವರು ಯಾರು, ಸೋತವರು ಯಾರು? ಸ್ಮಾರಕಗಳ ಬುಡ ಅಗೆದು ಅಲ್ಲಿ ವರ್ತಮಾನದ ಹಗೆಯನ್ನು ನೆಡುವ ಪ್ರವೃತ್ತಿ ದೇಶದಲ್ಲಿ ಬೆಳೆದಿದೆ. ಆರಾಧನಾಲಯಗಳ ಸ್ವರೂಪ 1947ರ ಆಗಸ್ಟ್ 15ರಂದು ಹೇಗಿತ್ತೋ ಹಾಗೆಯೇ ಉಳಿಯಬೇಕೆಂದು 1991ರಲ್ಲಿ ಸಂಸತ್ತು ಕಾಯ್ದೆ ಮಾಡಿದ ಮೇಲೂ ವ್ಯಾಜ್ಯಗಳು ನಿಲ್ಲಲಿಲ್ಲ. 2024ರ ಡಿಸೆಂಬರ್‌ನಲ್ಲಿ ಇಂತಹ ಹೊಸ ದಾವೆಗಳನ್ನು ದಾಖಲಿಸಿಕೊಳ್ಳದಂತೆ ಸುಪ್ರೀಂ ಕೋರ್ಟೇ ಕೆಳ ನ್ಯಾಯಾಲಯಗಳಿಗೆ ಸೂಚಿಸಬೇಕಾಯಿತು. ಇಂತಹ ವಾತಾವರಣದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಎರಡು ಅಪಾಯಗಳ ನಡುವೆ ಇದ್ದಾರೆ. ಹಳೆಯ ಗೋಡೆಯನ್ನು ಕಂಡರೆ ಅಂಜುವುದು ಒಂದು. ಸುಲ್ತಾನರ ಹೆಸರು ಹೇಳಿ ಎದೆಯುಬ್ಬಿಸುವುದು ಇನ್ನೊಂದು. ಎರಡೂ ಸಲ್ಲದು.

ರಾಯಚೂರಿನ ನಿಜವಾದ ಇತಿಹಾಸ ಈ ಎರಡೂ ರೋಗಗಳಿಗೆ ಮದ್ದು. 1520ರಲ್ಲಿ ವಿಜಯನಗರದ ಕೃಷ್ಣದೇವರಾಯ ಮತ್ತು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನ ನಡುವೆ ಈ ಕೋಟೆಗಾಗಿ ಘೋರ ಯುದ್ಧ ನಡೆಯಿತು. ಅದನ್ನು ಬರೆದಿಟ್ಟ ಪೋರ್ಚುಗೀಸ್ ವರ್ತಕ ನೂನಿಜ್‌ನ ಪ್ರಕಾರ, ಕುದುರೆ ಖರೀದಿಗೆಂದು ಕೃಷ್ಣದೇವರಾಯ ಕೊಟ್ಟು ಕಳಿಸಿದ ಹಣದೊಂದಿಗೆ ಒಬ್ಬ ಮುಸ್ಲಿಂ ವ್ಯಾಪಾರಿ ಬಿಜಾಪುರದ ಸೀಮೆಗೆ ಓಡಿಹೋದದ್ದು ಯುದ್ಧಕ್ಕೆ ನೆಪವಾಯಿತು. ಸ್ವಲ್ಪ ಯೋಚಿಸಿರಿ. ವಿಜಯನಗರದ ಅರಸನು ತನ್ನ ಬೊಕ್ಕಸದ ಹಣವನ್ನು ನಂಬಿ ಕೊಟ್ಟದ್ದು ಒಬ್ಬ ಮುಸ್ಲಿಮನ ಕೈಗೆ. ಅವನ ಸೇನೆಯಲ್ಲೂ ಮುಸ್ಲಿಂ ಯೋಧರಿದ್ದರು, ಬಿಜಾಪುರದ ಸೇವೆಯಲ್ಲೂ ಹಿಂದೂ ಸರದಾರರಿದ್ದರು. ಇದು ಧರ್ಮಯುದ್ಧವಾಗಿರಲಿಲ್ಲ. ಎರಡು ನದಿಗಳ ನಡುವಿನ ಫಲವತ್ತಾದ ನೆಲಕ್ಕಾಗಿ, ಕಂದಾಯಕ್ಕಾಗಿ, ಪ್ರತಿಷ್ಠೆಗಾಗಿ ನಡೆದ ರಾಜರ ಯುದ್ಧವಾಗಿತ್ತು. ಮತ್ತು ಆ ವ್ಯಾಪಾರಿ ಅಮಾನತ್ತಿಗೆ ದ್ರೋಹ ಬಗೆದಿದ್ದರೆ ಅವನ ಹೆಸರು ನಮ್ಮವರ ಹೆಸರಿನಂತಿದೆ ಎಂಬ ಕಾರಣಕ್ಕೆ ನಾವು ಅವನ ಪರ ವಹಿಸುವಂತಿಲ್ಲ. ವಿಶ್ವಾಸದ್ರೋಹ ಯಾರು ಮಾಡಿದರೂ ವಿಶ್ವಾಸದ್ರೋಹವೇ.

ಗೆದ್ದ ಕೃಷ್ಣದೇವರಾಯ 1529ರಲ್ಲಿ ತೀರಿಕೊಂಡನು. ಅದಾಗಿ ಹೆಚ್ಚು ಕಾಲ ಕಳೆಯುವ ಮೊದಲೇ ಕೋಟೆ ಮತ್ತೆ ಬಿಜಾಪುರದ ವಶವಾಯಿತು. 1565ರಲ್ಲಿ ವಿಜಯನಗರ ಹಾಳಾಯಿತು. 1686ರಲ್ಲಿ ಬಿಜಾಪುರವನ್ನು ಔರಂಗಜೇಬ್ ವಶಪಡಿಸಿಕೊಂಡನು. ಮೊಘಲರ ನಂತರ ನಿಜಾಮರು ಬಂದರು. 1853ರಲ್ಲಿ ದೋಆಬ್ ಇಂಗ್ಲಿಷರ ಕೈ ಸೇರಿ 1860ರಲ್ಲಿ ಮರಳಿ ಹೈದರಾಬಾದಿಗೆ ಬಂತು. 1948ರಲ್ಲಿ ನಿಜಾಮರ ಆಳ್ವಿಕೆಯೂ ಮುಗಿಯಿತು. 1956ರಲ್ಲಿ ರಾಯಚೂರು ಕನ್ನಡ ನಾಡಿನ ಜಿಲ್ಲೆಯಾಯಿತು. ಇವರಲ್ಲಿ ಪ್ರತಿಯೊಬ್ಬರೂ ತಮ್ಮದೇ ಶಾಶ್ವತವೆಂದು ಭಾವಿಸಿದ್ದರು. ಇಂದು ಆ ಗೋಡೆಗಳ ಮೇಲೆ ಆಡು ಮೇಯುತ್ತಿದೆ. ಅಧಿಕಾರವನ್ನು ಕೊಡುವವನೂ ಕಿತ್ತುಕೊಳ್ಳುವವನೂ ಅಲ್ಲಾಹನೇ ಎಂಬ ವಿಶ್ವಾಸವಿರುವವರು ಆದಿಲ್ ಶಾಹನ ಗೆಲುವಿಗೆ ಹಿಗ್ಗಬೇಕಾಗಿಲ್ಲ, ಅವನ ಸೋಲಿಗೆ ನಾಚಬೇಕಾಗಿಯೂ ಇಲ್ಲ. ನಾವು ಆ ರಾಜರ ವಾರಸುದಾರರಲ್ಲ. ಈ ಊರಿನಲ್ಲಿ ಬಾಳಿದ ಸಾಮಾನ್ಯರ ವಾರಸುದಾರರು.

ನಗರದ ಏಕ್ ಮಿನಾರ್ ಮಸೀದಿಯ ಮುಂದೆ ನಿಂತಾಗ ಈ ಮಾತು ಇನ್ನಷ್ಟು ಮನದಟ್ಟಾಯಿತು. ಪಾರ್ಸಿ ಶಾಸನದ ಪ್ರಕಾರ ಹಿಜರಿ 919ರಲ್ಲಿ, ಅಂದರೆ 1513ರ ಸುಮಾರಿಗೆ, ಮಹ್ಮೂದ್ ಶಾ ಬಹಮನಿಯ ಕಾಲದಲ್ಲಿ ಅದರ ನಿರ್ಮಾಣವಾಯಿತು. ಸುಮಾರು 65 ಅಡಿ ಎತ್ತರದ ಒಂದೇ ಮಿನಾರ್ ಅಲ್ಲಿದೆ. ಆ ಸುಲ್ತಾನ ಆ ಹೊತ್ತಿಗೆ ಹೆಸರಿಗೆ ಮಾತ್ರ ಅರಸನಾಗಿದ್ದನು. ಪ್ರಾಂತ್ಯಗಳ ಸರದಾರರು ಒಬ್ಬೊಬ್ಬರಾಗಿ ಸ್ವತಂತ್ರರಾಗಿ ರಾಜ್ಯ ಹರಿದು ಹಂಚಿಹೋಗಿತ್ತು. ಬಹಮನಿ ವಂಶ ಮುಗಿಯಿತು, ಸಿಂಹಾಸನ ಮಣ್ಣಾಯಿತು. ಮಿನಾರ್ ಮಾತ್ರ ನಿಂತಿದೆ. ಅರಮನೆ ಅರಸನಿಗಾಗಿ ಕಟ್ಟಿದ್ದು, ಮಸೀದಿ ಜನರಿಗಾಗಿ ಕಟ್ಟಿದ್ದು. ಜನರಿಗೆ ಬೇಕಾದುದನ್ನು ಜನರೇ ಉಳಿಸಿಕೊಳ್ಳುತ್ತಾರೆ.

ಗಬ್ಬೂರಿನ ಮೌನ

ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ದಾರಿಯಲ್ಲಿ ಗಬ್ಬೂರು ಸಿಗುತ್ತದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಇದು ಹೆಸರಾಂತ ಅಗ್ರಹಾರ, ವಿದ್ಯಾಕೇಂದ್ರ. ಹಲವು ದೇಗುಲಗಳು, ಹಲವು ಕನ್ನಡ ಶಾಸನಗಳು ಇಲ್ಲಿವೆ. ಒಂದು ಕಾಲಕ್ಕೆ ದೂರದೂರದವರು ವಿದ್ಯೆ ಅರಸಿ ಬರುತ್ತಿದ್ದ ನೆಲವಿದು. ಆ ವಿದ್ಯೆ ಎಲ್ಲ ಜಾತಿಯವರಿಗೂ ದಕ್ಕುತ್ತಿರಲಿಲ್ಲ ಎಂಬುದೂ ಸತ್ಯ. ಕೆಲವರಿಗೆ ಮಾತ್ರ ಮೀಸಲಾದ ಜ್ಞಾನ ಊರನ್ನು ಉಳಿಸಲಾರದು ಎಂಬ ಎಚ್ಚರಿಕೆಯನ್ನು ಆ ಕಲ್ಲುಗಳಿಂದ ಪಡೆಯಬಹುದು.

ಇಂದಿನ ಸ್ಥಿತಿ ಏನು? 2002ರಲ್ಲಿ ವರದಿ ನೀಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ದೇವದುರ್ಗ ಮತ್ತು ಮಾನ್ವಿಗಳನ್ನು ರಾಜ್ಯದ ಅತ್ಯಂತ ಹಿಂದುಳಿದ 39 ತಾಲೂಕುಗಳ ಪಟ್ಟಿಗೆ ಸೇರಿಸಿತು. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇಕಡಾ 60ರ ಆಸುಪಾಸಿನಲ್ಲಿತ್ತು. ಹೆಂಗಸರಲ್ಲಿ ಅರ್ಧದಷ್ಟೂ ಇರಲಿಲ್ಲ. ಹೋರಾಟದ ಫಲವಾಗಿ 371(ಜೆ) ವಿಧಿ ಬಂತು. ಉದ್ಯೋಗದಲ್ಲಿ, ಉನ್ನತ ಶಿಕ್ಷಣದಲ್ಲಿ ನಮ್ಮ ಭಾಗಕ್ಕೆ ಮೀಸಲು ದೊರೆಯಿತು. ಆದರೆ ಹತ್ತನೇ ತರಗತಿಯನ್ನೇ ದಾಟದ ಮಗುವಿಗೆ ಆ ಮೀಸಲಿನಿಂದ ಏನು ಪ್ರಯೋಜನ? ಮದುವೆಯ ಹಾಲಿಗೆ, ಊಟಕ್ಕೆ, ಅಲಂಕಾರಕ್ಕೆ ಲಕ್ಷಗಟ್ಟಲೆ ಸುರಿಯುವ ನಾವು, ಮಗಳನ್ನು ಕಾಲೇಜಿಗೆ ಕಳಿಸುವ ಮಾತು ಬಂದಾಗ ಬಸ್ಸು ಇಲ್ಲ, ಹಾಸ್ಟೆಲ್ ಇಲ್ಲ ಎನ್ನುತ್ತೇವೆ. ಸರಕಾರವನ್ನು ಪ್ರಶ್ನಿಸಬೇಕು, ಖಂಡಿತ. ಜೊತೆಗೆ ನಮ್ಮ ಮನೆಯ ಖರ್ಚಿನ ಚೀಟಿಯನ್ನೂ ಪ್ರಶ್ನಿಸಬೇಕು.

ನೀರಿನ ಸರದಿ

ದೇವದುರ್ಗವನ್ನು ದಾಟಿ ಕೃಷ್ಣೆಯ ದಡಕ್ಕೆ ಹೋದೆವು. ಎದುರು ದಂಡೆಯಲ್ಲಿ ತಿಂಥಣಿ; ಹಿಂದೂಗಳೂ ಮುಸ್ಲಿಮರೂ ಗೌರವಿಸುತ್ತ ಬಂದ ಮೌನೇಶ್ವರರ ಊರು. ಬೇಸಗೆಯಲ್ಲಿ ಇಲ್ಲಿ ಹೊಳೆ ಸೊರಗಿ, ಬಂಡೆ ಮತ್ತು ಮರಳು ಹೊರಬೀಳುತ್ತವೆ. ಮಾನ್ವಿಯ ಕಡೆ ತುಂಗಭದ್ರೆಯದೂ ಇದೇ ಕಥೆ. ನಡುಹಗಲಿನಲ್ಲಿ ಆ ಮರಳಿನ ಮೇಲೆ ನಡೆದರೆ ಅರೇಬಿಯಾದ ಕಣಿವೆಗಳು ನೆನಪಾಗುತ್ತವೆ.

ಅಲ್‌ಹಿಜ್ರ್‌ನ ಪ್ರಸ್ತಾಪವನ್ನು ಆರಂಭದಲ್ಲಿ ಮಾಡಿದೆವು. ಬಂಡೆಗಳಲ್ಲಿ ಕೊರೆದ ನೂರಕ್ಕೂ ಹೆಚ್ಚು ಸಮಾಧಿಗಳಿರುವ ಆ ನೆಲೆಯನ್ನು 2008ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಂದು ಕಾಣುವ ಕೆತ್ತನೆಗಳು ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ನಬಾತಿಯನ್ನರವು. ಅವರಿಗಿಂತ ಹಿಂದಿನ ಸಮೂದ್ ಜನಾಂಗದ ನೆನಪು ಆ ಕಣಿವೆಯೊಂದಿಗೆ ಬೆಸೆದಿದೆ. ಬಂಡೆ ಕೊರೆದು ಭದ್ರ ಮನೆಗಳನ್ನು ಮಾಡಿಕೊಂಡಿದ್ದ ಆ ಜನಾಂಗಕ್ಕೆ ಪ್ರವಾದಿ ಸ್ವಾಲಿಹ್(ಅ) ಬಂದರು. ಅವರಿಗೆ ನೀಡಲಾದ ಪರೀಕ್ಷೆ ಯಾವುದಾಗಿತ್ತು? ಒಂದು ಒಂಟೆಗೆ ಒಂದು ದಿನ ನೀರು, ಉಳಿದವರಿಗೆ ಇನ್ನೊಂದು ದಿನ ನೀರು. ಅಂದರೆ ನೀರಿನ ಸರದಿ! ಬಲಿಷ್ಠರು ಆ ಸರದಿಯನ್ನು ಸಹಿಸದೆ ಮೂಕಪ್ರಾಣಿಯನ್ನು ಕೊಂದರು. ಬಂಡೆಯ ಮನೆಗಳು ಅವರನ್ನು ಕಾಪಾಡಲಿಲ್ಲ. ಕ್ರಿ.ಶ. 630ರಲ್ಲಿ ತಬೂಕ್‌ಗೆ ಹೋಗುವ ದಾರಿಯಲ್ಲಿ ಪ್ರವಾದಿ ಮುಹಮ್ಮದ್(ಸ) ಆ ಪ್ರದೇಶವನ್ನು ಹಾದುಹೋದಾಗ, ಅಳುವ ಮನಸ್ಸಿನಿಂದಲ್ಲದೆ ಅಲ್ಲಿಗೆ ಪ್ರವೇಶಿಸಬಾರದೆಂದು ಅನುಚರರಿಗೆ ತಿಳಿಸಿದರು. ಅವಶೇಷಗಳ ಮುಂದೆ ನಿಲ್ಲುವ ಶಿಷ್ಟಾಚಾರ ಅದು.

ಈ ಕಥೆಯನ್ನು ಮಾನ್ವಿಯ ಕಾಲುವೆಯ ದಂಡೆಯ ಮೇಲೆ ನಿಂತು ನೆನೆಯಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ ಮಾನ್ವಿ, ರಾಯಚೂರು ತಾಲೂಕುಗಳಿವೆ. ಮೇಲ್ಭಾಗದಲ್ಲಿ ಭತ್ತಕ್ಕೆ ಧಾರಾಳವಾಗಿ ನೀರು ಹರಿದರೆ ಕೊನೆಭಾಗದ ರೈತನ ಹೊಲಕ್ಕೆ ನೀರು ತಲುಪುವುದಿಲ್ಲ. ವರ್ಷ ವರ್ಷವೂ ಕೊನೆಭಾಗದ ರೈತರು ರಸ್ತೆಗಿಳಿಯುತ್ತಾರೆ. ಮೇಲಿನವನು ಅಕ್ರಮವಾಗಿ ಪೈಪು ಹಾಕಿ ಎಳೆದ ಪ್ರತಿಯೊಂದು ಬಿಂದುವೂ ಕೆಳಗಿನವನ ಹಕ್ಕು. ಸರದಿಯನ್ನು ಮುರಿದ ಸಮೂದರ ಕಥೆ ಕೇವಲ ಪುರಾತನ ಕಥೆಯೇ?

ಸಬಾ ಜನಾಂಗದ ಪ್ರಸಂಗ ನಮಗೆ ಇನ್ನೂ ಹತ್ತಿರದ್ದು. ಯಮನ್‌ನ ಮಾರಿಬ್‌ನಲ್ಲಿ ಅವರ ಪ್ರಸಿದ್ಧ ಅಣೆಕಟ್ಟು ಇತ್ತು. ಅದರ ಬಲಕ್ಕೊಂದು, ಎಡಕ್ಕೊಂದು ತೋಟಗಳ ಸಿರಿ ಇತ್ತೆಂದು ಕುರ್‌ಆನ್ ವರ್ಣಿಸುತ್ತದೆ. ಕೃತಘ್ನರಾದಾಗ ಕಟ್ಟೆ ಒಡೆದು, ಸಿಹಿ ಹಣ್ಣಿನ ತೋಟಗಳ ಜಾಗದಲ್ಲಿ ಕಹಿ ಗಿಡಗಳು ಬೆಳೆದವು. ಬಲದಂಡೆ, ಎಡದಂಡೆ ಎಂಬ ಮಾತು ತುಂಗಭದ್ರೆಯ ನೀರುಂಡ ನಮಗೆ ಹೊಸದೇ? 1953ರಲ್ಲಿ ನೀರು ನಿಲ್ಲಿಸಿದ ಆ ಜಲಾಶಯದ ಸಾಮರ್ಥ್ಯ ಮೊದಲು 133 ಟಿಎಂಸಿ ಇದ್ದದ್ದು ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಅದರ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತಂತ್ರಜ್ಞರೂ ಕಾರ್ಮಿಕರೂ ಜೀವದ ಹಂಗು ತೊರೆದು ವಾರದೊಳಗೆ ತಾತ್ಕಾಲಿಕ ತಡೆಯನ್ನು ಅಳವಡಿಸಿದರು. ಆ ಕೆಲವು ದಿನಗಳಲ್ಲಿ ನಮ್ಮ ಜಿಲ್ಲೆಯ ರೈತರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕುಳಿತಿದ್ದರು. ನಿರ್ವಹಣೆ ಇಲ್ಲದ ಯಾವ ಕಟ್ಟೆಯೂ ಸ್ಮಾರಕವಾಗಲು ಹೆಚ್ಚು ಕಾಲ ಬೇಕಿಲ್ಲ.

ಎರಡು ಹೊಳೆಗಳ ನಡುವಿನ ನಗರದಲ್ಲಿ 2022ರ ಮೇ, ಜೂನ್ ತಿಂಗಳಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಬಹಳಷ್ಟು ಜನ ಆಸ್ಪತ್ರೆ ಸೇರಿದರು. ಹಲವರು ಪ್ರಾಣ ಕಳೆದುಕೊಂಡರು. ಕೋಟೆಯ ಪಕ್ಕದ ಮಾವಿನಕೆರೆಯನ್ನು ನಮ್ಮ ಹಿರಿಯರು ಆಮ್ ತಲಾಬ್ ಎನ್ನುತ್ತಿದ್ದರು. ಹಿಂದಿನವರು ಕೋಟೆಯೊಂದಿಗೆ ಕೆರೆಯನ್ನೂ ಬಾವಿಯನ್ನೂ ಕಾಪಾಡಿಕೊಂಡರು. ನಾವು ಅದೇ ಕೆರೆಗೆ ಚರಂಡಿ ಬಿಟ್ಟೆವು, ಕಂದಕಕ್ಕೆ ಕಸ ಸುರಿದೆವು. ಶುಚಿತ್ವ ವಿಶ್ವಾಸದ ಭಾಗ ಎಂದು ಮದ್ರಸಾದ ಗೋಡೆಯ ಮೇಲೆ ಬರೆದರೆ ಸಾಲದು, ಅದು ನಮ್ಮ ಓಣಿಯ ಚರಂಡಿಯಲ್ಲಿ ಕಾಣಬೇಕು.

ನಮ್ಮ ಮನೆಯ ಮರಳು

ಹೊಳೆಯ ದಂಡೆಯಲ್ಲಿ ನಾವು ಕಂಡ ಇನ್ನೊಂದು ದೃಶ್ಯವನ್ನು ಮರೆಮಾಚಲಾರೆವು. ಹೊಳೆಯ ಒಡಲನ್ನು ಬಗೆದು ತೆಗೆದ ಗುಂಡಿಗಳು, ಲಾರಿಗಳ ಚಕ್ರದ ಗುರುತುಗಳು. ದೇವದುರ್ಗ ಮತ್ತು ಮಾನ್ವಿ ತಾಲೂಕುಗಳಲ್ಲಿ ಅಕ್ರಮ ಮರಳು ದಂಧೆ ಗುಟ್ಟಿನ ವಿಷಯವೇನಲ್ಲ. 2018ರ ಡಿಸೆಂಬರ್‌ನಲ್ಲಿ ಮಾನ್ವಿ ತಾಲೂಕಿನಲ್ಲಿ ಮರಳು ಲಾರಿಯನ್ನು ತಡೆಯಲು ಹೋದ ಗ್ರಾಮ ಲೆಕ್ಕಾಧಿಕಾರಿಯೊಬ್ಬರು ಅದೇ ಲಾರಿಯಡಿ ಸಿಲುಕಿ ಕರ್ತವ್ಯದಲ್ಲೇ ಪ್ರಾಣ ತೆತ್ತರು. ಮರಳು ಹೊಳೆಯ ಉಗ್ರಾಣ. ಮಳೆಯ ನೀರನ್ನು ಹಿಡಿದಿಟ್ಟು ಸುತ್ತಲಿನ ಬಾವಿಗಳಿಗೆ ಹರಿಸುವುದು ಅದೇ. ಅದನ್ನು ಬರಿದು ಮಾಡಿದರೆ ಬೇಸಗೆಯಲ್ಲಿ ಬಾವಿ ಬತ್ತುತ್ತದೆ, ನೆರೆ ಬಂದಾಗ ದಂಡೆ ಕುಸಿಯುತ್ತದೆ. 2009ರ ಅಕ್ಟೋಬರ್ ಆರಂಭದಲ್ಲಿ ಇದೇ ಹೊಳೆಗಳು ಉಕ್ಕಿ ದಡದ ಹಳ್ಳಿಗಳನ್ನು ನುಂಗಿದ್ದನ್ನು ನಮ್ಮಲ್ಲಿ ಬಹಳಷ್ಟು ಜನ ಕಂಡಿದ್ದೇವೆ.

ಇಲ್ಲಿ ಕುಳಿತಿರುವ ನಾವೆಲ್ಲ ಮನೆ ಕಟ್ಟಿದ್ದೇವೆ ಅಥವಾ ಕಟ್ಟುವ ಆಸೆ ಇಟ್ಟುಕೊಂಡಿದ್ದೇವೆ. ಮಸೀದಿಗಳನ್ನು ವಿಸ್ತರಿಸಿದ್ದೇವೆ. ಟ್ರಿಪ್ಪಿಗೆ ಎಷ್ಟು ಎಂದು ಚೌಕಾಸಿ ಮಾಡಿದ್ದೇವೆ. ಈ ಮರಳು ಎಲ್ಲಿಂದ ಬಂತು, ಪರವಾನಗಿ ಇದೆಯೇ, ರಾತ್ರಿಯಲ್ಲೇ ಏಕೆ ಬಂತು ಎಂದು ಎಷ್ಟು ಮಂದಿ ಕೇಳಿದ್ದೇವೆ? ಹಲಾಲ್ ಮಾಂಸದ ಬಗ್ಗೆ ಇರುವ ನಮ್ಮ ಎಚ್ಚರಿಕೆ ಹಲಾಲ್ ಮರಳಿನ ಬಗ್ಗೆ ಏಕಿಲ್ಲ? ಸಾರ್ವಜನಿಕರ ಹಕ್ಕನ್ನು ಕದ್ದು ತಂದ ಮರಳಿನಿಂದ ಕಟ್ಟಿದ ಗೋಡೆಯ ಮೇಲೆ ಪವಿತ್ರ ಆಯತ್ತುಗಳ ಫಲಕವನ್ನು ತೂಗುಹಾಕಿದರೆ ಆ ಮನೆಗೆ ಬರಕತ್ ಬರುವುದೇ? ಅಳತೆಯಲ್ಲೂ ತೂಕದಲ್ಲೂ ಮೋಸ ಮಾಡಿದ ಮದ್‌ಯನ್ ಜನರ ಕಥೆಯನ್ನು ವ್ಯಾಪಾರಿ ಸಮುದಾಯವಾದ ನಾವು ಹೆಚ್ಚು ಆಸ್ಥೆಯಿಂದ ಓದಬೇಕಾಗಿದೆ.

ಮಸ್ಕಿಯ ಬಂಡೆ

ಮಾನ್ವಿಯ ಬಗ್ಗೆ ಒಂದು ಮಾತು. ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರು ಬಾಳಿದ ಊರದು. ಮಾನ್ವಿ ತಾಲೂಕಿನ ಚೀಕಲಪರ್ವಿ ವಿಜಯದಾಸರ ಹುಟ್ಟೂರು. ನೆರೆಯವರು ಗೌರವಿಸುವ ಹಿರಿಯರನ್ನು ಅರಿತಿರುವುದು ನೆರೆಹೊರೆಯ ಹಕ್ಕಿನ ಒಂದು ಅಂಶ. ನಮ್ಮ ಮಕ್ಕಳಿಗೆ ಇವರ ಹೆಸರು ತಿಳಿದಿದ್ದರೆ ನಮ್ಮ ವಿಶ್ವಾಸಕ್ಕೆ ಯಾವ ಕುಂದೂ ಬಾರದು. ಅವರ ಮಕ್ಕಳಿಗೂ ನಮ್ಮ ಮಿನಾರಿನ ಕಥೆಯನ್ನು ನಾವು ಹೇಳಬೇಕು.

ಮೂರನೆಯ ದಿನ ಮಾನ್ವಿಯಿಂದ ಸಿಂಧನೂರು ಮಾರ್ಗವಾಗಿ ಮಸ್ಕಿಯವರೆಗೂ ಹೋದೆವು. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರಿಗೆ ಅಲ್ಲಿ ಒಂದು ಬಂಡೆಶಾಸನ ಕಂಡಿತು. ಅದುವರೆಗೆ ದೇಶದಾದ್ಯಂತ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ ಎಂಬ ಬಿರುದು ಮಾತ್ರ ಇತ್ತು. ಆ ಬಿರುದಿನ ಒಡೆಯ ಅಶೋಕನೆಂದು ಹೆಸರು ಹೇಳಿದ್ದು ಮಸ್ಕಿಯ ಬಂಡೆ. ನಮ್ಮ ಜಿಲ್ಲೆಯ ಒಂದು ಬಂಡೆ ಇಡೀ ದೇಶದ ಇತಿಹಾಸದ ಗಂಟನ್ನು ಬಿಡಿಸಿತು. ಧರ್ಮದ ಉನ್ನತಿ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸಾಧ್ಯ ಎಂಬುದು ಆ ಶಾಸನದ ಆಶಯ. ಚಕ್ರವರ್ತಿಯೊಬ್ಬ ತನ್ನ ಗೆಲುವಿನ ಪಟ್ಟಿಯನ್ನಲ್ಲದೆ ಜನಸಾಮಾನ್ಯನ ಘನತೆಯನ್ನು ಕಲ್ಲಿನಲ್ಲಿ ಬರೆಸಿದನು. ಅದಕ್ಕಾಗಿಯೇ ಎರಡು ಸಾವಿರದ ಇನ್ನೂರು ವರ್ಷಗಳ ನಂತರವೂ ಜನ ಅಲ್ಲಿಗೆ ಗೌರವದಿಂದ ಹೋಗುತ್ತಾರೆ. ನಾಲ್ಕು ದಿನದ ಅಧಿಕಾರ ಸಿಕ್ಕೊಡನೆ ಬಸ್ ನಿಲ್ದಾಣಕ್ಕೂ ಶೌಚಾಲಯಕ್ಕೂ ತಮ್ಮ ಭಾವಚಿತ್ರ ಅಂಟಿಸುವ ಇಂದಿನ ನಾಯಕರು ಒಮ್ಮೆ ಮಸ್ಕಿಗೆ ಹೋಗಿ ಬರಲಿ.

ಈಗ ನಾವೇನು ಮಾಡಬೇಕು?

ಸಹೋದರ ಸಹೋದರಿಯರೇ, ಪ್ರವಾಸದ ಪಾಠಗಳು ಮಾತಿನಲ್ಲೇ ಮುಗಿಯಬಾರದು. ಮೊದಲನೆಯದಾಗಿ, ಪ್ರತಿಯೊಂದು ಕುಟುಂಬವೂ ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು, ಮುಖ್ಯವಾಗಿ ಹೆಣ್ಣುಮಕ್ಕಳನ್ನು, ಜಿಲ್ಲೆಯ ಒಂದು ಪ್ರಾಚೀನ ನೆಲೆಗೆ ಕರೆದೊಯ್ಯಲಿ. ಗಂಡಸರು ಮಾತ್ರ ಸುತ್ತಾಡಿ ಬಂದು ವರದಿ ಒಪ್ಪಿಸುವ ಪದ್ಧತಿ ಸಾಕು. ನವರಂಗಿ ದರವಾಜೆಯ ಆವರಣದಲ್ಲಿ ಶಿಲ್ಪಗಳ ಸಂಗ್ರಹಾಲಯವಿದೆ. ಅದು ನಮ್ಮ ಮನೆಗಳಿಂದ ದೂರವಿಲ್ಲ. ಎರಡನೆಯದಾಗಿ, ಕೋಟೆಯ ಗೋಡೆಯ ಮೇಲೆ ಹೆಸರು ಗೀಚುವುದು, ಕಲ್ಲು ಕೀಳುವುದು, ಕಂದಕಕ್ಕೆ ಕಸ ಎಸೆಯುವುದು ಪಾಪವೆಂದು ನಮ್ಮ ಮಸೀದಿಗಳ ಖುತ್ಬಾಗಳಲ್ಲಿ ಹೇಳಲಿ. ಮೂರನೆಯದಾಗಿ, ಸ್ಮಾರಕಗಳ ರಕ್ಷಣೆಗಾಗಿ, ಕೊನೆಭಾಗದ ರೈತನ ನೀರಿಗಾಗಿ, ನಗರದ ಶುದ್ಧ ಕುಡಿಯುವ ನೀರಿಗಾಗಿ ನಡೆಯುವ ಹೋರಾಟಗಳಲ್ಲಿ ಸಕಲ ಸಮುದಾಯಗಳೊಂದಿಗೆ ನಾವು ಮುಂದೆ ನಿಲ್ಲೋಣ. ನಮ್ಮ ಸಮುದಾಯದ ಸಮಸ್ಯೆಗೆ ಮಾತ್ರ ಬೀದಿಗಿಳಿಯುವವರು ಎಂಬ ಆರೋಪಕ್ಕೆ ಅದೇ ಸರಿಯಾದ ಉತ್ತರ. ನಾಲ್ಕನೆಯದಾಗಿ, ಮನೆಯಿರಲಿ, ಮಸೀದಿಯಿರಲಿ, ರಶೀದಿಯಿಲ್ಲದ ಮರಳನ್ನು ಇಳಿಸಿಕೊಳ್ಳುವುದಿಲ್ಲ ಎಂದು ನಿರ್ಧರಿಸೋಣ.

ನಾಳೆ ನಾವೂ ಗತಿಸಿದವರಾಗುತ್ತೇವೆ. ನಮ್ಮ ಮೊಮ್ಮಕ್ಕಳ ಮಕ್ಕಳು ಈ ಊರಿನಲ್ಲಿ ಸಂಚರಿಸುವಾಗ ನಮ್ಮ ಅವಶೇಷಗಳೂ ಅವರ ಕಣ್ಣಿಗೆ ಬೀಳುತ್ತವೆ. ಬತ್ತಿದ ಕೆರೆಯೋ, ತುಂಬಿದ ಕೆರೆಯೋ? ಬಗೆದ ಹೊಳೆಯೋ, ಹರಿಯುವ ಹೊಳೆಯೋ? ಮುಚ್ಚಿದ ಶಾಲೆಯೋ, ತೆರೆದ ಶಾಲೆಯೋ? ಅವರು ನಮ್ಮಿಂದ ಯಾವ ಇಬ್ರತ್ ಪಡೆಯಬೇಕೆಂಬುದನ್ನು ನಾವು ಇಂದೇ ತೀರ್ಮಾನಿಸುತ್ತಿದ್ದೇವೆ.

ಕಂಡದ್ದರಿಂದ ಕಲಿಯುವ ಕಣ್ಣನ್ನೂ, ಕಲಿತದ್ದರಂತೆ ನಡೆಯುವ ಮನಸ್ಸನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ.